ಮಲ್ಲಿ, ಮಂಜು, ಪುಟ್ಟು: ಹೆಸರಿಗೆ ಲಿಂಗ ಅಂಟುವ ಬಗೆ

ಸೋಮನಾಥಪುರದ ಕೇಶವ ದೇವಾಲಯದ ಮೂರ್ತಿಗಳ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಟ್ಟು ಹೋಗಿದ್ದಾರೆ. ಅವರಲ್ಲಿ ಮತ್ತೆ ಮತ್ತೆ ಎದುರಾಗುವವನು ಮಲ್ಲಿತಮ್ಮ. 1196ರ ಹೊತ್ತಿಗೆ ಅಮೃತಾಪುರದಲ್ಲಿ ಕೆಲಸ ಶುರುಮಾಡಿ, 13ನೇ ಶತಮಾನದ ಹಲವು ಹೊಯ್ಸಳ ಗುಡಿಗಳಲ್ಲಿ ಉಳಿ ಹಿಡಿದ ಈ ರೂವಾರಿ ಕೆಲವು ಕಡೆ ಪೂರ್ತಿ ಹೆಸರು ಬರೆದ, ಕೆಲವು ಕಡೆ ಬರೀ ‘ಮಲ್ಲಿ’ ಎಂದು ನಿಲ್ಲಿಸಿದ, ಇನ್ನು ಕೆಲವು ಕಡೆ ‘ಮ’ ಎಂಬ ಒಂದೇ ಅಕ್ಷರ ಸಾಕೆಂದ. ಇವತ್ತು ‘ಮಲ್ಲಿ’ ಎಂದು ಕೂಗಿದರೆ ತಿರುಗಿ ನೋಡುವವಳು ಹುಡುಗಿ. ಮಲ್ಲಿಕಾ, ಮಲ್ಲೇಶ್ವರಿ, ಮಲ್ಲಿಗೆ ಇವೆಲ್ಲ ಮನೆಯೊಳಗೆ ಮಲ್ಲಿ ಆಗುತ್ತವೆ. ಸೋಮನಾಥಪುರದ ಮಲ್ಲಿ ಗಂಡಸು ಎಂದು ನಮಗೆ ತಿಳಿಯುವುದು ಅವನೇ ಬೇರೆ ಕಲ್ಲುಗಳಲ್ಲಿ ಉಳಿಸಿಹೋದ ‘ತಮ್ಮ’ ಎಂಬ ಬಾಲದಿಂದ.

ಇದೇ ಹೆಸರಿನ ಬಗ್ಗೆ ಇನ್ನೂ ಹಳೆಯ, ಇನ್ನೂ ಆಳವಾದ ವಿವಾದವೊಂದಿದೆ. ಜೈನರ 19ನೇ ತೀರ್ಥಂಕರರ ಹೆಸರು ಮಲ್ಲಿ. ದಿಗಂಬರರಿಗೆ ಅವರು ಮಲ್ಲಿನಾಥ, ಪುರುಷ. ಅಭಿನವ ಪಂಪನೆಂದು ಹೆಸರಾದ ನಾಗಚಂದ್ರ ಕನ್ನಡದಲ್ಲಿ ಬರೆದ ‘ಮಲ್ಲಿನಾಥಪುರಾಣ’ ಈ ಪರಂಪರೆಯದು. ಶ್ವೇತಾಂಬರರಿಗೆ ಅದೇ ಮಲ್ಲಿ ರಾಜಕುಮಾರಿ, ತೀರ್ಥಂಕರ ಪದವಿಗೇರಿದ ಹೆಣ್ಣು. ಹೆಣ್ಣಿಗೆ ಹೆಣ್ಣಾಗಿಯೇ ಮೋಕ್ಷ ಉಂಟೇ ಎಂಬ ಪ್ರಶ್ನೆಯಲ್ಲಿ ಎರಡು ಪಂಥಗಳೂ ಶತಮಾನಗಳ ಕಾಲ ವಾದಿಸಿವೆ, ಆ ವಾದದ ನಡುವೆ ಈ ಹೆಸರು ನಿಂತಿದೆ. ಹೆಸರನ್ನು ಎಷ್ಟು ತಿರುವಿ ನೋಡಿದರೂ ಉತ್ತರ ಸಿಗದು. ಮಲ್ಲಿ ಎಂಬ ಎರಡಕ್ಷರದೊಳಗೆ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಅದನ್ನು ಹೊತ್ತವರು ಯಾರು, ಕರೆದವರು ಯಾರು, ಯಾವ ಊರು, ಯಾವ ಕಾಲ ಎಂಬುದರಲ್ಲಿ ಅದು ಇದೆ. ಕರೆಯುವ ಹೆಸರುಗಳನ್ನು ‘ಗಂಡು’, ‘ಹೆಣ್ಣು’, ‘ಎರಡೂ’ ಎಂದು ಪಟ್ಟಿಮಾಡಲು ಹೊರಟ ಕೋಶಕಾರರೂ ಗುಮಾಸ್ತರೂ ನ್ಯಾಯಾಧೀಶರೂ ಎಡವುವುದು ಇಲ್ಲಿಯೇ.

ಕನ್ನಡನಾಡು ಈ ತೊಡಕನ್ನು ಬಹಳ ಹಿಂದೆಯೇ ಸರಳವಾಗಿ ಬಿಡಿಸಿಕೊಂಡಿತ್ತು. ಹೆಸರಿನ ಬುಡ ಯಾರದ್ದಾದರೂ ಆಗಲಿ, ಅದರ ಬಾಲಕ್ಕೆ ಬಂಧುವಾಚಕವೊಂದನ್ನು ಕಟ್ಟಿದರಾಯಿತು. 10ನೇ ಶತಮಾನದಲ್ಲಿ ಈ ಬಾಲ ಹೆಂಗಸರಿಗೆ ‘ಅಬ್ಬೆ’, ಗಂಡಸರಿಗೆ ‘ಅಯ್ಯ’, ‘ಅಪ್ಪ’. ರನ್ನನಿಗೆ ಆಶ್ರಯ ಕೊಟ್ಟ ದಾನಚಿಂತಾಮಣಿ ಅತ್ತಿಮಬ್ಬೆಯ ತಂದೆ ಮಲ್ಲಪ, ತಂಗಿ ಗುಂಡಮಬ್ಬೆ. ಆ ತಂಗಿಯ ಹೆಸರಿನ ‘ಗುಂಡ’ವೇ ಸಾವಿರ ವರ್ಷ ದಾಟಿ ಬಂದು ಡಿ.ವಿ. ಗುಂಡಪ್ಪನವರಲ್ಲಿ ಕುಳಿತಿದೆ. ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯಲ್ಲಿ ಹೆಣ್ಣಾದ ‘ಜಕ್ಕ’, ಜಕ್ಕಣನಲ್ಲಿ ಗಂಡು. ಆಯ್ದಕ್ಕಿ ಲಕ್ಕಮ್ಮ 12ನೇ ಶತಮಾನದ ವಚನಕಾರ್ತಿ. ಲಕ್ಕಣ್ಣ ದಂಡೇಶ 15ನೇ ಶತಮಾನದ ವಿಜಯನಗರದ ದಂಡನಾಯಕ. ಬೆಂಗಳೂರು ಕಟ್ಟಿದ ಕೆಂಪೇಗೌಡರ ‘ಕೆಂಪ’, ನಂಜರಾಜಯ್ಯನವರ ‘ನಂಜ’ ಎರಡೂ ಸೇರಿ, 1895ರಿಂದ 1902ರವರೆಗೆ ಮೈಸೂರು ಸಂಸ್ಥಾನವನ್ನು ರೀಜೆಂಟರಾಗಿ ನಡೆಸಿದ ಮಹಾರಾಣಿಯವರ ಹೆಸರಾಗಿವೆ: ಕೆಂಪನಂಜಮ್ಮಣ್ಣಿ. ಉತ್ತರ ಕರ್ನಾಟಕಕ್ಕೆ ಹೋದರೆ ಬಸಪ್ಪ-ಬಸವ್ವ, ಮಲ್ಲಪ್ಪ-ಮಲ್ಲವ್ವ, ಯಲ್ಲಪ್ಪ-ಯಲ್ಲವ್ವ, ದುರ್ಗಪ್ಪ-ದುರ್ಗವ್ವ. ಯಲ್ಲಮ್ಮನೂ ದುರ್ಗಿಯೂ ಹೆಣ್ಣುದೇವರು, ಬಸವ ಗಂಡು. ಆದರೂ ಹೆಣ್ಣುದೇವರ ಹೆಸರು ಗಂಡುಮಗನಿಗೂ ಗಂಡುದೇವರ ಹೆಸರು ಹೆಣ್ಣುಮಗಳಿಗೂ ಯಾವ ಅಡ್ಡಿಯಿಲ್ಲದೆ ಸಲ್ಲುತ್ತದೆ. ಲಿಂಗದ ಹೊಣೆಯನ್ನು ದೇವರ ಹೆಸರಿನ ಮೇಲೆ ಹೊರಿಸದೆ ಬಾಲಕ್ಕೆ ವಹಿಸಿದ ಏರ್ಪಾಡು ಇದು. ದೇವರನ್ನೂ ಅಜ್ಜ-ಅಜ್ಜಿಯರನ್ನೂ ಗಂಡು-ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಹಂಚಲು ಇದಕ್ಕಿಂತ ಉದಾರವಾದ ದಾರಿ ಸಿಗುವುದು ಕಷ್ಟ.

ಆ ಬಾಲದಲ್ಲಿ ಇನ್ನೊಂದು ಸಂಗತಿಯೂ ಅಡಗಿತ್ತು. ಅಪ್ಪ, ಅಮ್ಮ, ಅಣ್ಣ, ಅಕ್ಕ ಇವು ಮರ್ಯಾದೆಯ ಮಾತುಗಳು. ಊರಿನ ಜಮೀನ್ದಾರರು ಆಳುಮಕ್ಕಳನ್ನು ಮಾದ, ನಂಜ, ತಿಮ್ಮ, ಕೆಂಚಿ, ಮಾದಿ ಎಂದು ಬಾಲ ಕತ್ತರಿಸಿಯೇ ಕರೆದರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಈ ಕಣ್ಣಿನಿಂದ ಓದಬೇಕು. ಅಲ್ಲಿ ಗುತ್ತಿ ಗಂಡು, ಅವನು ಓಡಿಸಿಕೊಂಡು ಹೋಗುವ ತಿಮ್ಮಿ ಹೆಣ್ಣು. ಇಬ್ಬರ ಹೆಸರೂ ಇಕಾರದಲ್ಲೇ ಮುಗಿಯುತ್ತವೆ. ಐತ ಗಂಡು, ಪೀಂಚಲು ಹೆಣ್ಣು. ಗೌಡರಿಗೂ ಹೆಗ್ಗಡಿತಿಯರಿಗೂ ಸಿಕ್ಕ ಬಾಲ ಇವರಿಗೆ ಸಿಗಲಿಲ್ಲ. ಹಾಗಾಗಿ ಈ ಹೆಸರುಗಳ ಲಿಂಗವನ್ನು ಓದುಗ ಕಥೆಯಿಂದಲೇ ತಿಳಿಯಬೇಕು. ಲಿಂಗ ತಿಳಿಸುವ ಬಾಲವೇ ಜಾತಿಯನ್ನೂ ತಿಳಿಸುತ್ತಿತ್ತು ಎಂಬುದನ್ನು ಮರೆತು ಹಳೆಯ ಪದ್ಧತಿಯನ್ನು ಬರೀ ಕೊಂಡಾಡುವಂತಿಲ್ಲ. ಕಾದಂಬರಿ ಬರೆದವರ ಸ್ವಂತ ಹೆಸರು ಪುಟ್ಟಪ್ಪ: ತೊಟ್ಟಿಲ ಮಗುವನ್ನು ಮುದ್ದಿಸುವ ‘ಪುಟ್ಟ’ಕ್ಕೆ ‘ಅಪ್ಪ’ ಸೇರಿದ್ದು. ಎಸ್.ಆರ್. ಪುಟ್ಟಣ್ಣ ಕಣಗಾಲರಲ್ಲಿ ಅದೇ ಪುಟ್ಟಕ್ಕೆ ‘ಅಣ್ಣ’ ಸೇರಿತು. ಅವರಿಗೆ ಹುಟ್ಟಿನಲ್ಲಿ ಇಟ್ಟ ಹೆಸರು ಸೀತಾರಾಮ ಶರ್ಮ, ಕನ್ನಡಿಗರ ನೆನಪಿನಲ್ಲಿ ಉಳಿದದ್ದು ಕರೆಯುವ ಹೆಸರೇ.

ಕರೆಯುವ ಹೆಸರು ಏಕೆ ಬೇಕಾಯಿತು ಎಂಬುದಕ್ಕೆ ಮುದ್ದು ಒಂದೇ ಕಾರಣವಲ್ಲ. ಮೊದಲ ಮೊಮ್ಮಗನಿಗೆ ತಾತನ ಹೆಸರು, ಮೊಮ್ಮಗಳಿಗೆ ಅಜ್ಜಿಯ ಹೆಸರು ಇಡುವುದು ಅನೇಕ ಮನೆತನಗಳ ರೂಢಿ. ಸೊಸೆಯಾದವಳು ಮಾವನ ಹೆಸರನ್ನಾಗಲಿ ಅತ್ತೆಯ ಹೆಸರನ್ನಾಗಲಿ ಬಾಯಿಬಿಟ್ಟು ಹೇಳುವಂತಿಲ್ಲ. ಹೆತ್ತ ಮಗುವನ್ನು ಹೆಸರು ಹಿಡಿದು ಕರೆಯಲಾಗದ ತಾಯಿ ‘ಪುಟ್ಟು’ ಎಂದಳು, ‘ಮರಿ’ ಎಂದಳು, ‘ಅಪ್ಪಾಜಿ’, ‘ಅಮ್ಮಣ್ಣಿ’ ಎಂದಳು. ಇನ್ನೊಂದು ಕಾರಣ ಮಕ್ಕಳ ಸಾವು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವಿನ ಮೇಲೆ ಯಮನ ಕಣ್ಣು ಬೀಳದಿರಲೆಂದು ತಿಪ್ಪ, ಹುಚ್ಚ, ಗುಂಡ ಎಂಬ ಬೆಲೆಯಿಲ್ಲದ ಹೆಸರು ಇಟ್ಟರು. ತಿಪ್ಪಯ್ಯ-ತಿಪ್ಪಮ್ಮ, ಹುಚ್ಚಪ್ಪ-ಹುಚ್ಚಮ್ಮ ಜೋಡಿಗಳ ಹಿಂದೆ ಆ ಭಯವಿದೆ. ಚೌಲಕ್ಕೆ ಮೊದಲು ಗಂಡುಮಗುವಿಗೆ ಜಡೆ ಹೆಣೆದು, ಹೂ ಮುಡಿಸಿ, ಲಂಗ ಉಡಿಸಿ ಫೋಟೊ ತೆಗೆಸುವ ಪದ್ಧತಿ ಈಗಲೂ ಹಲವು ಮನೆಗಳ ಆಲ್ಬಮ್‌ಗಳಲ್ಲಿ ಸಿಗುತ್ತದೆ. ಮಗು ಮಗುವಾಗಿರುವಷ್ಟು ಕಾಲ ಅದರ ಲಿಂಗವನ್ನು ಸ್ವಲ್ಪ ಸಡಿಲವಾಗಿ ಇಡುವುದನ್ನು ನಮ್ಮ ಹಿರಿಯರು ತಪ್ಪೆಂದು ಭಾವಿಸಲಿಲ್ಲ.

ಮಾತಿನಲ್ಲಿ ಇದು ಇನ್ನೂ ಚೆನ್ನಾಗಿ ಕೇಳಿಸುತ್ತದೆ. ‘ಪುಟ್ಟು ಮಲಗಿತಾ?’ ಎಂದರೆ ತೊಟ್ಟಿಲ ಕೂಸು. ‘ಪುಟ್ಟು ಮಲಗಿದನಾ?’, ‘ಪುಟ್ಟು ಮಲಗಿದಳಾ?’ ಎನ್ನುವ ಹೊತ್ತಿಗೆ ಅದು ಓಡಾಡುವ ಮಗು. ಒಂದೇ ಹೆಸರು ನಪುಂಸಕದಿಂದ ಹೊರಟು, ಕ್ರಿಯಾಪದದ ಕೊನೆಯಲ್ಲಿ ಗಂಡೋ ಹೆಣ್ಣೋ ಆಗುತ್ತದೆ. ಸಂಬೋಧನೆಯಲ್ಲೂ ಹಾಗೆಯೇ: ‘ಬಾರೋ’ ಹುಡುಗನಿಗೆ, ‘ಬಾರೇ’ ಹುಡುಗಿಗೆ. ಆದರೆ ಪ್ರೀತಿ ಉಕ್ಕಿದಾಗ ಮಗಳನ್ನೂ ‘ಬಾರೋ ರಾಜಾ’ ಎಂದು ಅಪ್ಪ ಕರೆಯುತ್ತಾನೆ, ಅಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಕೊನೆಯ ಸ್ವರವೂ ಒಂದಿಷ್ಟು ಸುಳಿವು ಕೊಡುತ್ತದೆ. ಪುಟ್ಟ, ತಿಮ್ಮ, ಕೆಂಚ ಗಂಡು. ಪುಟ್ಟಿ, ತಿಮ್ಮಿ, ಕೆಂಚಿ ಹೆಣ್ಣು. ಪುಟ್ಟು, ಚಿನ್ನು, ಮಂಜು ಇಬ್ಬರಿಗೂ. ಇದನ್ನೇ ನಿಯಮ ಎಂದುಕೊಂಡರೆ ಮಾತ್ರ ಕೆಟ್ಟಿತು. ರವಿ, ಹರಿ, ಗುತ್ತಿ, ಮಾಣಿ ಎಲ್ಲವೂ ಇಕಾರದ ಗಂಡಸರು. ಸೀಮೆ ಬದಲಾದರೆ ಪದದ ಲಿಂಗವೂ ಬದಲು. ಮೈಸೂರಿನ ಕಡೆ ‘ಕೂಸು’ ಎಂದರೆ ಯಾವ ಮಗುವಾದರೂ ಸರಿ, ಹವ್ಯಕರ ಮನೆಯಲ್ಲಿ ‘ಕೂಸು’ ಹೆಣ್ಣು, ‘ಮಾಣಿ’ ಗಂಡು.

ಇದನ್ನು ವ್ಯಾಕರಣಕ್ಕೆ ಒಗ್ಗಿಸಲು ಯೋಚಿಸಿದವರೂ ಇದ್ದರು. ಮಲ್ಲಿತಮ್ಮ ಬಾಳಿದ ಶತಮಾನದಲ್ಲೇ ಮಲ್ಲಿಕಾರ್ಜುನನ ಮಗ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ. ಸಂಸ್ಕೃತದಲ್ಲಿ ಹೆಂಡತಿಯನ್ನು ಹೇಳುವ ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕ. ಅಲ್ಲಿ ಲಿಂಗ ಶಬ್ದಕ್ಕೆ ಸೇರಿದ್ದು. ಕನ್ನಡದಲ್ಲಿ ಲಿಂಗ ಅರ್ಥಕ್ಕೆ ಸೇರಿದ್ದು, ಆದ್ದರಿಂದ ಇಲ್ಲಿಯ ವಿಂಗಡಣೆ ಬೇರೆಯದೇ ಆಗಬೇಕಾಯಿತು. ಕೇಶಿರಾಜ ಮೂರು ಲಿಂಗಗಳಿಗೆ ನಿಲ್ಲದೆ ಬೆರಕೆ ವರ್ಗಗಳನ್ನೂ ಗುರುತಿಸಿದ. ಕನ್ನಡ ವ್ಯಾಕರಣಗಳಲ್ಲಿ ‘ನಿತ್ಯನಪುಂಸಕ’ ಎಂಬ ವರ್ಗಕ್ಕೆ ಮಗು, ಶಿಶು, ಕೂಸು ಸೇರುತ್ತವೆ. ‘ವಾಚ್ಯಲಿಂಗ’ ಅಥವಾ ‘ವಿಶೇಷ್ಯಾಧೀನಲಿಂಗ’ ಎಂಬ ವರ್ಗಕ್ಕೆ ನಾನು, ನೀನು, ಚಿಕ್ಕ, ದೊಡ್ಡ ಇಂಥವು ಸೇರುತ್ತವೆ. ಇವಕ್ಕೆ ಸ್ವಂತ ಲಿಂಗವಿಲ್ಲ, ಯಾರನ್ನು ಕುರಿತು ಆಡಿದ ಮಾತೋ ಅವರ ಲಿಂಗವೇ ಇವುಗಳ ಲಿಂಗ. ಪುಟ್ಟು, ಚಿನ್ನು, ಮಂಜು ಸೇರಬೇಕಾದ ಮನೆ ಇದೇ. ‘ಉಭಯಲಿಂಗಿ’ ಎಂಬ ಹಣೆಪಟ್ಟಿ ಹೆಸರಿಗೆ ಎರಡು ಲಿಂಗ ಅಂಟಿಸುತ್ತದೆ. ‘ವಾಚ್ಯಲಿಂಗ’ ಎಂದಾಗ ಹೆಸರು ಖಾಲಿಯಾಗಿ ನಿಂತು ಮನುಷ್ಯನಿಗೆ ಕಾಯುತ್ತದೆ. ಕರೆಯುವ ಹೆಸರುಗಳನ್ನು ವಿಂಗಡಿಸುವ ಯಾರೇ ಆಗಲಿ ಈ ಎರಡನೆಯದನ್ನೇ ಹಿಡಿಯಬೇಕು ಎನ್ನಲು ಒಳ್ಳೆಯ ಕಾರಣಗಳಿವೆ.

20ನೇ ಶತಮಾನದಲ್ಲಿ ಬಾಲ ಉದುರತೊಡಗಿತು. ಪೇಟೆಯ ಶಾಲೆ, ಕಚೇರಿ, ಸಿನಿಮಾ, ರೇಡಿಯೊ ಎಲ್ಲವೂ ಚಿಕ್ಕ ಹೆಸರುಗಳನ್ನು ಮೆಚ್ಚಿದವು. ಮಲ್ಲಪ್ಪನ ಮಗ ಮಲ್ಲಿಕಾರ್ಜುನನಾದ, ಮೊಮ್ಮಗ ಅರ್ಜುನ್ ಆದ. ಅಮ್ಮ-ಅಪ್ಪಗಳು ಹಳ್ಳಿತನದ ಗುರುತು ಎಂದು ಸಂಕೋಚಪಟ್ಟವರೂ ಉಂಟು. ಮಂಜುನಾಥನೂ ಮಂಜುಳೆಯೂ ‘ಮಂಜು’ ಆದರು, ಶಶಿಧರನೂ ಶಶಿಕಲೆಯೂ ‘ಶಶಿ’, ವಿಜಯಕುಮಾರನೂ ವಿಜಯಲಕ್ಷ್ಮಿಯೂ ‘ವಿಜಿ’, ಸತ್ಯನಾರಾಯಣನೂ ಸತ್ಯಭಾಮೆಯೂ ‘ಸತ್ಯ’. ಬರವಣಿಗೆಯಲ್ಲಿ ವಿಜಯ-ವಿಜಯಾ, ಜಯ-ಜಯಾ ಎಂದು ದೀರ್ಘ ಹಾಕಿ ವ್ಯತ್ಯಾಸ ಮಾಡಬಹುದು, ಕನ್ನಡಿಗರ ನಾಲಗೆ ಆ ಕೊನೆಯ ದೀರ್ಘವನ್ನು ಹೆಚ್ಚು ಹೊತ್ತು ಉಳಿಸುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಇಳಿದರಂತೂ ಎರಡೂ ಒಂದೇ. ಒಂದೇ ಬೀದಿಯಲ್ಲಿ ಇಬ್ಬರು ಮಂಜು ಇದ್ದರೆ ‘ಅಂಗಡಿ ಮಂಜು’, ‘ಟೀಚರ್ ಮಂಜು’ ಎಂದು ಊರವರೇ ಬೇರೆ ಬಾಲ ಕಟ್ಟಿಕೊಂಡರು.

ಇಂಥದೇ ಏರ್ಪಾಡು ರಷ್ಯನ್ನರಲ್ಲಿ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅಲೆಕ್ಸಾಂದರ್ ಮತ್ತು ಅಲೆಕ್ಸಾಂದ್ರಾ ಇಬ್ಬರೂ ‘ಸಾಶಾ’, ಯೆವ್ಗೆನಿ ಮತ್ತು ಯೆವ್ಗೆನಿಯಾ ‘ಝೆನ್ಯಾ’, ವಲೆಂತಿನ್ ಮತ್ತು ವಲೆಂತಿನಾ ‘ವಾಲ್ಯಾ’. ಸಾಶಾ ಬಂದನೋ ಬಂದಳೋ ಎಂಬುದನ್ನು ರಷ್ಯನ್ ಭಾಷೆಯ ಭೂತಕಾಲದ ಕ್ರಿಯಾಪದ ಹೇಳಿಬಿಡುತ್ತದೆ. ಪೂರ್ಣ ಹೆಸರಿನ ತಂದೆಯ ಭಾಗವೂ ಮಗನಿಗೆ ಸೆರ್ಗೆಯೆವಿಚ್, ಮಗಳಿಗೆ ಸೆರ್ಗೆಯೆವ್ನಾ. ಸುತ್ತಲಿನ ಮಾತು ಲಿಂಗವನ್ನು ಹೊರುವುದರಿಂದ ಮುದ್ದಿನ ಹೆಸರು ಹಗುರವಾಗಿ ಇರಬಲ್ಲದು. ಆದರೆ ಅದೇ ಹೆಸರು ಗಡಿ ದಾಟಿದಾಗ ಸುತ್ತಲಿನ ಮಾತು ಹಿಂದೆ ಉಳಿಯುತ್ತದೆ. ಜರ್ಮನಿಯಲ್ಲಿ ಸಾಶಾ ಬಹುಮಟ್ಟಿಗೆ ಗಂಡಾದ. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಫ್ರೆಂಚ್ ನಾಟಕಕಾರ ಸಾಶಾ ಗೀತ್ರಿಯ ನಿಜನಾಮ ಅಲೆಕ್ಸಾಂದ್ರ್. ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮರ ಕಿರಿಯ ಮಗಳು ಸಾಶಾ, ಅವಳ ಪೂರ್ಣ ಹೆಸರು ನತಾಶಾ. ರಷ್ಯನ್ ಅಜ್ಜಿಯೊಬ್ಬಳಿಗೆ ಇದನ್ನು ಹೇಳಿದರೆ ಆಕೆ ಒಪ್ಪಲಾರಳು, ಅಲ್ಲಿ ನತಾಶಾ ಎಂಬುದೇ ನತಾಲಿಯಾ ಎಂಬ ಹೆಸರಿನ ಮುದ್ದಿನ ರೂಪ.

ಇಂಗ್ಲಿಷಿನಲ್ಲಿ ಕ್ರಿಯಾಪದವೂ ಸಹಾಯಕ್ಕೆ ಬರುವುದಿಲ್ಲ. ಕಾದಂಬರಿಕಾರ ಎವೆಲಿನ್ ವಾ 1928ರಲ್ಲಿ ಮದುವೆಯಾದದ್ದು ಎವೆಲಿನ್ ಗಾರ್ಡ್ನರ್ ಎಂಬಾಕೆಯನ್ನು. ಸ್ನೇಹಿತರು ಅವರನ್ನು ‘ಗಂಡೆವೆಲಿನ್’, ‘ಹೆಣ್ಣೆವೆಲಿನ್’ ಎಂಬ ಅರ್ಥ ಬರುವಂತೆ ಕರೆಯತೊಡಗಿದರು. ಟೋನಿ ಮಾರಿಸನ್ ಅವರ ‘ಟೋನಿ’, ಅವರು ಕ್ಯಾಥೊಲಿಕ್ ದೀಕ್ಷೆಯಲ್ಲಿ ಪಡೆದ ಸಂತ ಆಂಥೊನಿಯ ಹೆಸರಿನಿಂದ ಬಂದದ್ದು. ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಲೀಬರ್ಸನ್ ಮತ್ತು ಜೊತೆಗಾರರು ಇಲಿನಾಯ್ ರಾಜ್ಯದ ಜನನ ದಾಖಲೆಗಳನ್ನು ಜಾಲಾಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನ, ಇಬ್ಬರಿಗೂ ಸಲ್ಲುವ ಹೆಸರುಗಳು ಬಹಳ ಕಾಲ ಸಮತೋಲದಲ್ಲಿ ನಿಲ್ಲುವುದಿಲ್ಲ ಎಂದು ತೋರಿಸಿತು. ಹೆಣ್ಣುಮಕ್ಕಳಿಗೆ ಹೆಚ್ಚು ಇಟ್ಟಂತೆ ಗಂಡುಮಕ್ಕಳ ತಂದೆತಾಯಿ ಆ ಹೆಸರನ್ನು ಬಿಟ್ಟುಬಿಡುತ್ತಾರೆ. ಲೆಸ್ಲಿ ಹೋದ ದಾರಿ ಅದು. ಹುಡುಗಿಗೆ ಹುಡುಗನ ಹೆಸರು ಏರಿಕೆ, ಹುಡುಗನಿಗೆ ಹುಡುಗಿಯ ಹೆಸರು ಇಳಿಕೆ ಎಂಬ ಎಣಿಕೆ ಇದರ ಹಿಂದಿದೆ. ಯಲ್ಲಪ್ಪ ಎಂಬ ಹೆಸರು ಹೊತ್ತ ಗಂಡಸಿಗೆ ಆ ಸಂಕೋಚ ತಟ್ಟಲಿಲ್ಲ ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ ದೊಡ್ಡ ಪ್ರಸಂಗದಲ್ಲಿ ಭಾರತದ ಹೆಸರೇ ಇತ್ತು. ಹೆಸರಿನಿಂದಲೇ ಮಗುವಿನ ಲಿಂಗ ತಿಳಿಯಬೇಕು ಎಂಬುದು ಜರ್ಮನಿಯ ನೋಂದಣಿ ಕಚೇರಿಗಳ ಹಳೆಯ ಕಟ್ಟಳೆಯಾಗಿತ್ತು. ಇಬ್ಬರಿಗೂ ಸಲ್ಲುವ ಹೆಸರಿಟ್ಟರೆ ಲಿಂಗ ಸ್ಪಷ್ಟವಾಗುವ ಎರಡನೆಯ ಹೆಸರನ್ನೂ ಸೇರಿಸಬೇಕಿತ್ತು. ಗಂಡಸರಿಗೆ ಒಂದೇ ವಿನಾಯಿತಿ, ಎರಡನೆಯ ಹೆಸರಾಗಿ ‘ಮರಿಯಾ’. ಕವಿ ರೈನರ್ ಮರಿಯಾ ರಿಲ್ಕೆ, ಸಂಗೀತಗಾರ ಕಾರ್ಲ್ ಮರಿಯಾ ಫಾನ್ ವೇಬರ್ ಅವರ ಹೆಸರುಗಳಲ್ಲಿ ಇರುವಂತೆ. ಭಾರತೀಯ ಮೂಲದ ಕುಟುಂಬವೊಂದು ಮಗಳಿಗೆ ‘ಕಿರಣ್’ ಎಂದು ಹೆಸರಿಟ್ಟಾಗ ಅಧಿಕಾರಿಗಳು ಒಪ್ಪಲಿಲ್ಲ. ಭಾರತದಲ್ಲಿ ಈ ಹೆಸರು ಹುಡುಗರಿಗೂ ಉಂಟು, ಇನ್ನೊಂದು ಹೆಸರು ಸೇರಿಸಿ ಎಂದರು. ಕೆಳಗಿನ ನ್ಯಾಯಾಲಯಗಳೂ ಹಾಗೇ ಹೇಳಿದವು. ಕುಟುಂಬ ಕಾರ್ಲ್ಸ್‌ರುಹೆಯ ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು. 2008ರ ಡಿಸೆಂಬರ್ 5ರಂದು ಬಂದ ತೀರ್ಪು ಸ್ಪಷ್ಟವಾಗಿತ್ತು: ಹೆಸರು ಲಿಂಗವನ್ನು ತಿಳಿಸಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಹೆಸರಿಡುವ ಹಕ್ಕು ತಂದೆತಾಯಿಯದು, ಮಗುವಿನ ಒಳಿತಿಗೆ ಧಕ್ಕೆಯಾಗುವಾಗ ಮಾತ್ರ ಸರ್ಕಾರ ಅಡ್ಡಬರಬಹುದು. ‘ಕಿರಣ್’ನಿಂದ ಅಂಥ ಧಕ್ಕೆಯೇನೂ ಇಲ್ಲ.

ಆ ಅಧಿಕಾರಿಗಳು ಒಂದು ರೀತಿಯಲ್ಲಿ ಪ್ರಾಮಾಣಿಕವಾಗಿಯೇ ಹುಡುಕಿದ್ದರು. ಪುಸ್ತಕಗಳನ್ನು ತೆರೆದರೆ ಸಂಸ್ಕೃತದಲ್ಲಿ ‘ಕಿರಣ’ ಪುಲ್ಲಿಂಗ. ಬಳಕೆಯನ್ನು ಕೇಳಿದರೆ ಉತ್ತರ ಭಾರತದಲ್ಲಿ ಕಿರಣ್ ಬೇಡಿ, ಕಿರಣ್ ಖೇರ್, ಕರ್ನಾಟಕದ ಕ್ಲಾಸಿನಲ್ಲಿ ಹಾಜರಿ ಹೇಳುವ ಕಿರಣ್ ಹೆಚ್ಚಾಗಿ ಹುಡುಗ. ಅದೇ ಕರ್ನಾಟಕದ ಬೆಂಗಳೂರಿನಲ್ಲಿ 1978ರಲ್ಲಿ ಬಯೋಕಾನ್ ಕಟ್ಟಿದವರು ಕಿರಣ್ ಮಜುಂದಾರ್ ಷಾ. ಒಂದು ದೇಶಕ್ಕೆ ಒಂದೇ ಉತ್ತರ ಎಂದು ಹೊರಟರೆ ಯಾವ ಉತ್ತರವೂ ಸುಳ್ಳಾಗುತ್ತದೆ.

ಐಸ್‌ಲ್ಯಾಂಡಿನಲ್ಲೂ ಹೀಗೇ ಆಯಿತು. ಅಲ್ಲಿ ಒಪ್ಪಿತ ಹೆಸರುಗಳ ಪಟ್ಟಿಯೇ ಇದೆ. ತಂಗಾಳಿ ಎಂಬ ಅರ್ಥದ ‘ಬ್ಲೈರ್’ ವ್ಯಾಕರಣದ ಪ್ರಕಾರ ಪುಲ್ಲಿಂಗವೆಂದು ಹುಡುಗಿಯೊಬ್ಬಳಿಗೆ ಆ ಹೆಸರನ್ನು ಅಧಿಕೃತವಾಗಿ ನಿರಾಕರಿಸಿದರು. ನೊಬೆಲ್ ಪುರಸ್ಕೃತ ಹಾಲ್ದೋರ್ ಲಾಕ್ಸ್‌ನೆಸ್ ತಮ್ಮ ಕಾದಂಬರಿಯೊಂದರಲ್ಲಿ ಹೆಣ್ಣು ಪಾತ್ರಕ್ಕೆ ಅದೇ ಹೆಸರಿಟ್ಟಿದ್ದರು. 2013ರ ಜನವರಿಯಲ್ಲಿ ರೇಕ್ಯವಿಕ್ ನ್ಯಾಯಾಲಯ ಹುಡುಗಿಯ ಪರ ನಿಂತಿತು. 2019ರ ಕಾನೂನು ಹೆಸರುಗಳನ್ನು ಗಂಡು-ಹೆಣ್ಣೆಂದು ಕಟ್ಟಿಹಾಕುವುದನ್ನೇ ಕೈಬಿಟ್ಟಿತು.

ಭಾರತದ 1969ರ ಜನನ ಮರಣ ನೋಂದಣಿ ಕಾಯ್ದೆ ಇಂಥ ಜಗಳಕ್ಕೆ ಎಡೆಯನ್ನೇ ಕೊಡಲಿಲ್ಲ. ಜನನದ ನಮೂನೆಯಲ್ಲಿ ಲಿಂಗಕ್ಕೆ ಬೇರೆ ಕಲಮು, ಹೆಸರಿಗೆ ಬೇರೆ ಕಲಮು. ಹೆಸರಿನ್ನೂ ಇಟ್ಟಿಲ್ಲದಿದ್ದರೆ ಆ ಜಾಗ ಖಾಲಿ ಬಿಡಬಹುದು, ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ರೈಲಿನ ರಿಸರ್ವೇಶನ್ ಚಾರ್ಟಿನಲ್ಲೂ ಮತದಾರರ ಪಟ್ಟಿಯಲ್ಲೂ ಇದೇ ಕ್ರಮ. ಲಿಂಗ ಹೇಳುವ ಕೆಲಸ ಹಿಂದೆ ಅಪ್ಪ-ಅಮ್ಮ ಎಂಬ ಬಾಲದ್ದಾಗಿತ್ತು, ಈಗ ಪಕ್ಕದ ಕಲಮಿನದು.

ಉಳಿದಿರುವುದು ಹೆಸರುಗಳ ಕೋಶ ಮಾಡುವವರ ಕೆಲಸ. ಮಕ್ಕಳ ಹೆಸರಿನ ಪುಸ್ತಕಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಅವು ಗಂಡಿಗೆ ಒಂದು ಭಾಗ, ಹೆಣ್ಣಿಗೆ ಒಂದು ಭಾಗ ಮಾಡಿ, ಕರೆಯುವ ಹೆಸರುಗಳನ್ನು ಹೆಚ್ಚಾಗಿ ಹೊರಗೇ ಬಿಡುತ್ತವೆ. ಕನ್ನಡದ ಕರೆಯುವ ಹೆಸರುಗಳಿಗೆ ಒಂದು ಕೋಶ ಬಂದರೆ ಅದರಲ್ಲಿ ‘ಮಂಜು’ವಿನ ಮುಂದೆ ಒಂದಕ್ಷರದ ಗುರುತು ಹಾಕಿ ಮುಂದೆ ಹೋಗುವಂತಿಲ್ಲ. ಕರ್ನಾಟಕದಲ್ಲಿ ಹೆಚ್ಚಾಗಿ ಗಂಡು, ಧರ್ಮಸ್ಥಳದ ಮಂಜುನಾಥನಿಂದ. ಹೆಣ್ಣೂ ಉಂಟು, ಮಂಜುಳಾ ಎಂಬುದರಿಂದ. ಕೇರಳದಲ್ಲಿ ಹೆಣ್ಣು, ನಟಿ ಮಂಜು ವಾರಿಯರ್ ಅವರಲ್ಲಿ ಇರುವಂತೆ, ಅಲ್ಲಿ ಅದು ಮೊಟಕಾದ ರೂಪವಲ್ಲ, ಪೂರ್ಣ ಹೆಸರು. ಹಿಂದಿ ಸೀಮೆಯಲ್ಲೂ ಹೆಣ್ಣು. ‘ಮಲ್ಲಿ’ಗೆ ಶಾಸನದ ಕಾಲದ ಗಂಡು, ಇಂದಿನ ಹೆಣ್ಣು, ಎರಡು ಜೈನ ಪಂಥಗಳ ಎರಡು ಅಭಿಪ್ರಾಯ ಎಲ್ಲವೂ ಬೇಕು. ‘ಅಪ್ಪು’ವಿನಡಿ ಪುನೀತ್ ರಾಜ್‌ಕುಮಾರ್ ಅವರ 2002ರ ಚಿತ್ರವನ್ನು ನಮೂದಿಸಲೇಬೇಕು, ಆ ಹೆಸರು ಕನ್ನಡಿಗರ ಕಿವಿಯಲ್ಲಿ ಗಂಡಾಗಿ ಗಟ್ಟಿಯಾದದ್ದರಲ್ಲಿ ಅದರ ಪಾಲು ದೊಡ್ಡದು. ‘ಪುಟ್ಟು’ವಿಗೆ ಬರೆಯಬೇಕಾದದ್ದು ಚಿಕ್ಕದು: ತೊಟ್ಟಿಲಲ್ಲಿ ನಪುಂಸಕ, ಅಂಗಳಕ್ಕೆ ಇಳಿದ ಮೇಲೆ ವಾಚ್ಯಲಿಂಗ.